ಗೋಡೆಯ ಬುಡದ ಕಂಡಿ

ನಮ್ಮ ಬಳಗದ ಈ ಪತ್ರಿಕೆಯ ದೀಪಾವಳಿ ಸಂಚಿಕೆ ನಾಳೆ ಬೆಳಿಗ್ಗೆ ಮುದ್ರಣಕ್ಕೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ಹಬ್ಬದ ಬಗ್ಗೆ ನಾಲ್ಕು ಮಾತು ಬರೆಯೋಣ ಅಂತಲೇ ಕೂತೆ. ಆದರೆ ಶನಿವಾರ ಮಗಳು ಕೇಳಿದ ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗಿನಿಂದ ಮನೆಯಲ್ಲಿ ಅವರ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದೇವೆ. 1955ರ ‘ಮಹಾಕವಿ ಕಾಳಿದಾಸ’ದಿಂದ ಶುರು ಮಾಡಿದ ನಮ್ಮ ಬೆಂಗಳೂರಿನ ಹುಡುಗಿ, ತಮಿಳಿನವರ ಮನೆಮಗಳೂ ಆಗಿಬಿಟ್ಟರು, ಅಲ್ವಾ? ಶನಿವಾರದ ಸರದಿ ತಮಿಳಿನ ‘ಭಾಗ ಪಿರಿವಿನೈ’, ಅಂದರೆ ಪಾಲು. ಎ. ಭೀಮ್‌ಸಿಂಗ್ ನಿರ್ದೇಶನ, 1959ರ ದೀಪಾವಳಿಗೆ ತೆರೆಕಂಡದ್ದು. ಅಣ್ಣ ತಮ್ಮ ಒಟ್ಟಿಗೆ ಇರುವ ಮನೆ. ತಮ್ಮನ ಮಗ ಕಣ್ಣಯ್ಯನಿಗೆ ಚಿಕ್ಕಂದಿನಲ್ಲಿ ಕರೆಂಟ್ ಹೊಡೆದು ಒಂದು ಕೈಯ ಸ್ವಾಧೀನ ತಪ್ಪಿದೆ. ಆ ಪಾತ್ರ ಶಿವಾಜಿ ಗಣೇಶನ್ ಅವರದು. ಅವನ ಕೈಹಿಡಿಯುವ ಪೊನ್ನಿ ಸರೋಜಾದೇವಿ. ದೊಡ್ಡಮ್ಮನಿಗೆ ಅವನನ್ನು ಕಂಡರಾಗದು. ಸಿಂಗಪುರದಿಂದ ಬಂದ ಅವಳ ಕಡೆಯ ನೆಂಟ, ಅಂದರೆ ಎಂ. ಆರ್. ರಾಧಾ, ಕಿಡಿ ಹೊತ್ತಿಸುತ್ತಾನೆ. ಮನೆ ಪಾಲಾಗುತ್ತದೆ. ನಡುವೆ ಗೋಡೆ ಏಳುತ್ತದೆ.

ಆಗ ಮಗಳು ಕೇಳಿದಳು: “ಅಮ್ಮ, ಈ ಮನೇಲಿ ಅಜ್ಜಿ ಇದ್ದಿದ್ರೆ ಯಾವ ಕಡೆ ಇರ್ತಿದ್ರು?”

ನನಗೆ ಮಾತೇ ಬರಲಿಲ್ಲ.

ಕೋಲಾರದ ಕಡೆ ನಮ್ಮದು ತೊಟ್ಟಿ ಮನೆ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ, ದೊಡ್ಡಪ್ಪ ಹಿಸ್ಸೆ ಮಾಡಿಕೊಂಡರು. ಕೂಗಾಟ ಏನೂ ಇರಲಿಲ್ಲ. ಊರ ಹಿರಿಯರು ಜಗಲಿ ಮೇಲೆ ಕೂತು ಪಾಲುಪಟ್ಟಿ ಬರೆದರು. ಹಂಡೆ, ಕೊಳದಪ್ಪಲೆ ಎಲ್ಲ ಎಣಿಸಿದರು. ಅಜ್ಜಿಯನ್ನೂ ಎಣಿಸಿದರು: ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ತೊಟ್ಟಿಯ ಮಧ್ಯೆ ಗೋಡೆ ಎದ್ದಿತು. ಮಳೆನೀರು ಹೊರಗೆ ಹೋಗುವ ತೂಬು ದೊಡ್ಡಪ್ಪನ ಪಾಲಿಗೆ ಬಿತ್ತು. ನಮ್ಮ ಕಡೆ ನೀರು ನಿಲ್ಲಬಾರದಲ್ಲ, ಗಾರೆಯವನು ಗೋಡೆಯ ಬುಡದಲ್ಲಿ ಗೇಣಗಲದ ಕಂಡಿ ಬಿಟ್ಟ.

ಮೊದಲ ವರ್ಷ ಮಕ್ಕಳು ಆ ಕಡೆ ಕಾಲಿಡುವ ಹಾಗಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅಜ್ಜಿ ಕುಟ್ಟಾಣಿಯಿಂದ ಗೋಡೆಗೆ ಎರಡು ಸಲ ತಟ್ಟುತ್ತಿದ್ದರು. ನಾನು ಓಡಿಹೋಗಿ ಕವುಚಿ ಮಲಗಿ ಕಂಡಿಯೊಳಗೆ ಕೈ ಹಾಕುತ್ತಿದ್ದೆ. ಹುರಿಗಡಲೆ, ಒಂದು ಚೂರು ಬೆಲ್ಲ ಅಂಗೈಗೆ ಬೀಳುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಸುಕ್ಕುಗಟ್ಟಿದ ಬೆರಳು, ಬೆರಳ ತುದಿಯಲ್ಲಿ ಎಲೆಗೆ ಹಚ್ಚಿದ ಸುಣ್ಣ, ಅಷ್ಟೇ.

ಈ ಚಿತ್ರವನ್ನು ಮೊದಲು ನೋಡಿದ್ದೂ ಅಜ್ಜಿಯ ಜೊತೆಗೇ, ಟೆಂಟಿನಲ್ಲಿ, ನೆಲದ ಮೇಲೆ ಕೂತು. ಗೋಡೆ ಎದ್ದಾಗ ಅಜ್ಜಿ ಸುಮ್ನೆ ಇದ್ದರು. ‘ಏನ್ ಪಿರಂದಾಯ್ ಮಗನೇ’ (ಯಾಕೆ ಹುಟ್ಟಿದೆಯೋ ಮಗನೇ) ಎಂದು ಕಣ್ಣಯ್ಯ ತನ್ನ ಕೂಸಿಗೆ ಹಾಡುವಾಗ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡರು. ಕಣ್ಣದಾಸನ್ ಬರೆದದ್ದು, ಟಿ. ಎಂ. ಸೌಂದರರಾಜನ್ ದನಿ. ಶನಿವಾರ ಆ ಹಾಡು ಬಂದಾಗ ನಾನೂ ಹಾಗೇ ಮಾಡಿದೆ.

ಇದೇ ಕಥೆ 1964ರಲ್ಲಿ ಕನ್ನಡಕ್ಕೆ ಬಂತು, ರಾಜ್‌ಕುಮಾರ್ ನಾಯಕ. ತಮಿಳಿನವರು ‘ಪಾಲು’ ಎಂದು ಹೆಸರಿಟ್ಟ ಕಥೆಗೆ ನಾವು ‘ಮುರಿಯದ ಮನೆ’ ಎಂದೆವು. ಅಣ್ಣಾವ್ರ ಮೇಲೆ ಎಷ್ಟೇ ಪ್ರೀತಿಯಿದ್ದರೂ ನನಗೆ ತಮಿಳಿನ ಹೆಸರೇ ನಿಜ ಅನಿಸುತ್ತದೆ. ಸಿನಿಮಾದಲ್ಲಿ ಸಿಂಗಪುರದವನ ಬಣ್ಣ ಬಯಲಾದರೆ ಅಣ್ಣತಮ್ಮಂದಿರು ಒಂದಾಗುತ್ತಾರೆ. ನಮ್ಮ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಓಡಿಸುವುದು ಯಾರನ್ನು? ಗೋಡೆ ಹಾಗೇ ಉಳಿಯಿತು.

ಜಾಗ ಮುಗಿಯುತ್ತಾ ಬಂತು, ಸೂಚನೆಗಳು. ದೀಪಾವಳಿ ಊಟ ಅಕ್ಟೋಬರ್ 25, ಶನಿವಾರ ಮಧ್ಯಾಹ್ನ 12ಕ್ಕೆ, ಎಂದಿನ ಸಭಾಂಗಣದಲ್ಲಿ. ತಟ್ಟೆ ಲೋಟ ಮನೆಯಿಂದಲೇ ತನ್ನಿ. ರಾಜ್ಯೋತ್ಸವ ನವೆಂಬರ್ 8ಕ್ಕೆ, ಮಕ್ಕಳ ಹೆಸರು ಈ ತಿಂಗಳೊಳಗೆ ಕೊಡಿ. ಕನ್ನಡ ತರಗತಿ ಹಬ್ಬದ ವಾರ ಇಲ್ಲ. ಹೋಳಿಗೆ ತಟ್ಟಲು ಇನ್ನೂ ನಾಲ್ಕು ಜನ ಬೇಕು. ಪುಟ ಜೋಡಿಸುತ್ತಿದ್ದ ಗೆಳತಿ ಮೈಸೂರಿಗೆ ವಾಪಸ್ ಹೋದ ಮೇಲೆ ಈ ಪತ್ರಿಕೆಯ ಕೆಲಸ ನನ್ನೊಬ್ಬಳ ಮೇಲೇ ಬಿದ್ದಿದೆ. ನಿಜವಾಗಿ ಆಗುತ್ತಿಲ್ಲ. ಒಬ್ಬರಾದರೂ ಬನ್ನಿ, ಕಲಿಸಿಕೊಡುತ್ತೇನೆ.

ಮಗಳಿಗೆ ಇನ್ನೂ ಉತ್ತರ ಹೇಳಿಲ್ಲ. ಬೆಳಿಗ್ಗೆ ಎದ್ದ ಮೇಲೆ ಕಂಡಿಯ ಕಥೆ ಹೇಳುತ್ತೇನೆ. ಡಬ್ಬಿಯಲ್ಲಿ ಹುರಿಗಡಲೆ ಇದೆಯಾ ನೋಡಬೇಕು.