ತ್ರೀಡಿ ಚಿತ್ರ ನೋಡಿ ಮುಂಗಡ ಕೊಡುವ ಮುನ್ನ

ಮಾನ್ಯ ಸಂಪಾದಕರೇ,

ಕಲಬುರಗಿಯ ಸೇಡಂ ರಸ್ತೆ, ಜೇವರ್ಗಿ ರಸ್ತೆ ಕಡೆಯ ಹೊಸ ಮನೆಗಳಿಗೆ ಇಂಟೀರಿಯರ್ ಡಿಸೈನರ್ ಹಿಡಿಯುವುದು ಈಗ ರೂಢಿ. ಹಿಡಿಯುವ ರೀತಿ ಮಾತ್ರ ಸರಿಯಿಲ್ಲ. ಮೊಬೈಲಿನಲ್ಲಿ ನಾಲ್ಕು ತ್ರೀಡಿ ಚಿತ್ರ ನೋಡಿ, ಚದರಡಿ ದರ ಕೇಳಿ, ಅರ್ಧ ದುಡ್ಡು ಮುಂಗಡ ಕೊಟ್ಟುಬಿಡುತ್ತಾರೆ. ‘ಆರ್ಕಿಟೆಕ್ಟ್’ ಎಂದು ಬೋರ್ಡು ಹಾಕಲು 1972ರ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನೋಂದಣಿ ಬೇಕು. ‘ಇಂಟೀರಿಯರ್ ಡಿಸೈನರ್’ ಎನ್ನಲು ಅಂಥದ್ದೇನೂ ಬೇಕಿಲ್ಲ. ಪರೀಕ್ಷೆ ಮಾಡುವವರು ಮನೆಯವರೇ.

ಮೊದಲ ಭೇಟಿಯಲ್ಲಿ ಅವರು ಏನು ತೋರಿಸುತ್ತಾರೆ ಎನ್ನುವುದಕ್ಕಿಂತ ಏನು ಕೇಳುತ್ತಾರೆ ಎಂದು ಗಮನಿಸಬೇಕು. ನಮ್ಮ ಕಡೆಯ ಅಡುಗೆಮನೆ ಮಾಡುವವರು ‘ರೊಟ್ಟಿ ಎಲ್ಲಿ ಬಡಿಯುತ್ತೀರಿ?’ ಎಂದು ಕೇಳದಿದ್ದರೆ ಅಲ್ಲೇ ಅನುಮಾನ ಬರಬೇಕು. ಕಟ್ಟೆ ಸಾಮಾನ್ಯವಾಗಿ 34 ಇಂಚು ಎತ್ತರ. ಆ ಎತ್ತರದಲ್ಲಿ ಇಪ್ಪತ್ತು ರೊಟ್ಟಿ ಬಡಿದರೆ ಹೆಗಲು ಹಿಡಿಯುತ್ತದೆ. ರೊಟ್ಟಿಗೆಂದು ಕಟ್ಟೆಯ ಎರಡೂವರೆ ಅಡಿ ಉದ್ದದ ಭಾಗವನ್ನು 30 ಇಂಚು ಎತ್ತರಕ್ಕೆ ಇಳಿಸಿ, ಕೆಳಗೆ ಇಟ್ಟಿಗೆ ಗೋಡೆಯ ಆಸರೆ ಕೊಡಬೇಕು. ಬರೀ ಪ್ಲೈವುಡ್ ಡಬ್ಬಿಯ ಮೇಲೆ ಕಲ್ಲು ಕೂಡಿಸಿದರೆ ದಿನದ ಬಡಿತಕ್ಕೆ ಹಿಂಜ್ ಸ್ಕ್ರೂ ಸಡಿಲಾಗಿ ಬಾಗಿಲು ಜೋತುಬೀಳುತ್ತವೆ. ಗಾಜಿನ ಹಾಬ್ (ಕಟ್ಟೆಯೊಳಗೆ ಕೂಡಿಸುವ ಗ್ಯಾಸ್ ಒಲೆ) ಮೇಲೆ ಅಗಲ ಹಂಚು ಇಟ್ಟರೆ ಶಾಖ ಕೆಳಕ್ಕೆ ತಿರುಗಿ ಗಾಜು ಸೀಳುವುದೂ ಉಂಟು. ವರ್ಷದ ಜೋಳದ ಚೀಲ ಎಲ್ಲಿಡುತ್ತೀರಿ, ಕೂಲರ್ ಯಾವ ಕಿಟಕಿಗೆ ಎಂಬುದೂ ಅವರ ಬಾಯಿಂದ ಬರಬೇಕು. ಕೂಲರ್ ಪಕ್ಕವೇ ವಾರ್ಡ್‌ರೋಬ್ ನಿಲ್ಲಿಸಿದರೆ ಬೇಸಿಗೆಯಿಡೀ ತೇವ ಕುಡಿದು ಅಂಚು ಉಬ್ಬುತ್ತದೆ, ಮರದ ಚೂರು ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಆದರಂತೂ ಬೇಗ.

ಅವರು ಮಾಡಿದ ಮನೆ ನೋಡುವುದಾದರೆ ಕಳೆದ ತಿಂಗಳು ಮುಗಿದದ್ದು ಬೇಡ, ಎರಡು ಮಳೆಗಾಲ ಕಂಡದ್ದು ಇರಲಿ. ಹಾಲ್ ಬಿಟ್ಟು ನೇರ ಸಿಂಕ್ ಕೆಳಗಿನ ಬಾಗಿಲು ತೆಗೆಯಿರಿ. ತಳದ ಹಲಗೆಯನ್ನು ಹೆಬ್ಬೆರಳಿನಿಂದ ಒತ್ತಿ, ಅಂಚಿನ ಪಟ್ಟಿಯನ್ನು ಉಗುರಿನಿಂದ ಮೀಟಿ ನೋಡಿ. ಮೆತ್ತಗಿದ್ದರೆ, ಪಟ್ಟಿ ಎದ್ದಿದ್ದರೆ, ಮುಂದೆ ಕೇಳುವುದು ಬೇಡ.

ದರದ ಮಾತಿಗೆ ಬಂದರೆ, ಚದರಡಿ 1,500 ಎಂದಷ್ಟೇ ಹೇಳಿದರೆ ಏನೂ ಹೇಳಿದಂತಲ್ಲ. 7 ಅಡಿ ಎತ್ತರ, 8 ಅಡಿ ಅಗಲದ ವಾರ್ಡ್‌ರೋಬ್ ಎಂದರೆ 56 ಚದರಡಿ, 84,000 ರೂಪಾಯಿ. ಮೇಲೆ 2 ಅಡಿ ಎತ್ತರದ ಲಾಫ್ಟ್ (ಅಟ್ಟ) ಬಂದರೆ ಇನ್ನೂ 16 ಚದರಡಿ. ಅದೇ ದರ ಹಾಕಿದರೆ 24,000 ಕೂಡಿತು. ಅಳತೆ ಮುಂಭಾಗದ್ದೋ, ಒಳ ಹಲಗೆಗಳನ್ನೆಲ್ಲ ಬಿಡಿಸಿ ಎಣಿಸಿದ್ದೋ, ಡ್ರಾಯರ್, ಬೀಗ, ಹಿಡಿ, ಜಿಎಸ್‌ಟಿ ಒಳಗೋ ಹೊರಗೋ ಎಂಬುದನ್ನು ಬರೆಸಿಕೊಳ್ಳಿ. ಪ್ಲೈವುಡ್ ಅಂಗಡಿಯಿಂದ ಕಮಿಷನ್ ಬರುತ್ತದೆಯೇ ಎಂದೂ ಕೇಳಿ. ಕಮಿಷನ್ ತಪ್ಪೇನಲ್ಲ, ಮುಚ್ಚಿಡುವುದು ತಪ್ಪು.

ದರಪಟ್ಟಿಯಲ್ಲಿ ‘ಒಳ್ಳೆ ಪ್ಲೈ’ ಎಂದು ಬರೆದರೆ ಒಪ್ಪಬಾರದು. ನೀರಿನ ಜಾಗಕ್ಕೆ ಐಎಸ್ 710 (ಮರೈನ್ ಪ್ಲೈವುಡ್‌ನ ಭಾರತೀಯ ಮಾನದಂಡ), ಮಿಕ್ಕಲ್ಲಿಗೆ ಐಎಸ್ 303ರ ಬಿಡಬ್ಲ್ಯೂಆರ್ (ಕುದಿಯುವ ನೀರು ತಾಳುವ ದರ್ಜೆ), ದಪ್ಪ 18 ಮಿ.ಮೀ., ಲ್ಯಾಮಿನೇಟ್ (ಮೇಲೆ ಅಂಟಿಸುವ ಹಾಳೆ) ಹೊರಗೆ 1 ಮಿ.ಮೀ. ಎಂದು ಇರಲಿ. ಹಲಗೆ ಇಳಿದ ದಿನವೇ ಅದರ ಮೇಲಿನ ಐಎಸ್‌ಐ ಮುದ್ರೆ, ಸಿಎಂ/ಎಲ್ (ತಯಾರಕರ ಪರವಾನಗಿ) ಸಂಖ್ಯೆ ನೋಡಿ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ತಾಳೆ ಹಾಕಿ. ಲ್ಯಾಮಿನೇಟ್ ಅಂಟಿಸಿದ ಮೇಲೆ ಮುದ್ರೆ ಕಾಣುವುದಿಲ್ಲ.

ಡಿಸೈನರ್‌ನನ್ನು ಕರೆಯುವ ಹೊತ್ತು ವೈರಿಂಗ್ ಪೈಪ್ ಹಾಕುವ ಮುಂಚೆ, ಪ್ಲಾಸ್ಟರ್ ಆದ ಮೇಲಲ್ಲ. ಫ್ರಿಡ್ಜ್, ಚಿಮಣಿ, ಸಿಂಕ್ ಕೆಳಗಿನ ಆರ್‌ಒ ನೀರಿನ ಫಿಲ್ಟರ್, ಪ್ರತಿಯೊಂದರ ಪಾಯಿಂಟು ಅಳತೆ ಸಹಿತ ನಕ್ಷೆಯಲ್ಲಿ ಬರಲಿ. ತ್ರೀಡಿ ಚಿತ್ರ ಹಿಡಿದು ಎಲೆಕ್ಟ್ರಿಷಿಯನ್ ಗೋಡೆ ಕೊರೆಯಲಾರ.

ಹಣವನ್ನು ನಕ್ಷೆ ಒಪ್ಪಿದಾಗ 10, ಮಾಲು ಮನೆಗೆ ಬಂದಾಗ 40, ಡಬ್ಬಿಗಳು ನಿಂತಾಗ 25, ಕೆಲಸ ಮುಗಿದಾಗ 15 ಪ್ರತಿಶತ ಕೊಟ್ಟರೆ ಸಾಕು. ಉಳಿದ 10 ಪ್ರತಿಶತ ಒಂದು ಮಳೆಗಾಲ ಕಳೆಯುವವರೆಗೆ ಕೈಯಲ್ಲೇ ಇರಲಿ. ಮೇ ತಿಂಗಳ ಒಣ ಬಿಸಿಲಲ್ಲಿ ಸರಾಗ ಮುಚ್ಚಿದ ಬಾಗಿಲು ಉಜ್ಜತೊಡಗುವುದು ಆಗಸ್ಟ್‌ನಲ್ಲಿ.

— ಒಳಾಂಗಣ ಕೆಲಸದ ಮೇಲ್ವಿಚಾರಕರು, ಕಲಬುರಗಿ