ಜಿನ್‌ಫಂಡೆಲ್‌ಗೆ ಒಂದೇ ಸಾಲು ಸಾಕೇ?

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪುರವಣಿಯಲ್ಲಿ ಕ್ಯಾಲಿಫೋರ್ನಿಯಾದ ವೈನ್ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿತ್ತು. ಆದರೆ ಪುಟಪೂರ್ತಿ ನಾಪಾ ಕಣಿವೆಯ ಕ್ಯಾಬರ್ನೆ ಎಂಬ ಕೆಂಪು ವೈನೇ ತುಂಬಿಕೊಂಡಿತ್ತು, ಜಿನ್‌ಫಂಡೆಲ್ ಎಂಬ ಇನ್ನೊಂದು ಕಪ್ಪು ದ್ರಾಕ್ಷಿಯ ವೈನಿಗೆ ಸಿಕ್ಕಿದ್ದು ಒಂದೇ ಸಾಲು, ಅದೂ 'ಸಿಹಿಯಾದ, ಗುಲಾಬಿ ಬಣ್ಣದ ಅಗ್ಗದ ವೈನ್' ಅಂತ. ಇಲ್ಲೇ ಇದ್ದುಕೊಂಡು ಅದನ್ನು ಇಷ್ಟಪಟ್ಟು ಕುಡಿಯುವ ನನಗೆ ಸುಮ್ನೆ ಇರಲು ಆಗಲಿಲ್ಲ.

ಆ ಗುಲಾಬಿ ಬಣ್ಣದ್ದು ವೈಟ್ ಜಿನ್‌ಫಂಡೆಲ್. 1970ರ ದಶಕದಲ್ಲಿ ಸಟರ್ ಹೋಮ್ ವೈನರಿಯಲ್ಲಿ ಹುದುಗುವುದು ಅರ್ಧಕ್ಕೆ ನಿಂತು ವೈನಿನಲ್ಲಿ ಸಕ್ಕರೆ ಉಳಿದುಬಿಟ್ಟಿತು, ಅದನ್ನೇ ಮಾರಿದರು, ಜನ ಮುಗಿಬಿದ್ದರು. ಅದನ್ನು ಬೈಯುವುದೂ ಬೇಡ. ಆ ಬೇಡಿಕೆಯಿಂದಲೇ ಎಷ್ಟೋ ಹಳೆಯ ತೋಟಗಳು ಉಳಿದುಕೊಂಡವು. ಆದರೆ ನಾನು ಹೇಳಲು ಹೊರಟಿದ್ದು ಕೆಂಪು ಜಿನ್‌ಫಂಡೆಲ್ ಬಗ್ಗೆ, ಅದರಲ್ಲೂ ಸಣ್ಣ ವೈನರಿಗಳು ಮಾಡುವ ಹದವಾದ, ನಾಜೂಕಾದ ವೈನ್ ಬಗ್ಗೆ.

ಈ ದ್ರಾಕ್ಷಿಯಲ್ಲಿ ಹದ ಹಿಡಿಯುವುದು ಸುಲಭ ಅಲ್ಲ. ಗೊಂಚಲು ಒಟ್ಟಿಗೆ ಹಣ್ಣಾಗುವುದೇ ಇಲ್ಲ. ಒಂದೇ ಗೊಂಚಲಿನಲ್ಲಿ ಕೆಲವು ಇನ್ನೂ ಹಸಿರು ಕಾಯಿ, ಕೆಲವು ಸರಿಯಾಗಿ ಮಾಗಿದ್ದು, ಇನ್ನು ಕೆಲವು ಆಗಲೇ ಸುಕ್ಕುಗಟ್ಟಿ ಒಣದ್ರಾಕ್ಷಿ. ಕಾಯಿ ಹಣ್ಣಾಗಲಿ ಎಂದು ಕಾದರೆ ಉಳಿದವುಗಳಲ್ಲಿ ಸಕ್ಕರೆ ಏರುತ್ತದೆ, ಅದರ ಹಿಂದೆಯೇ ಆಲ್ಕೋಹಾಲ್ ಏರುತ್ತದೆ. ಸಾಲದ್ದಕ್ಕೆ ತೊಟ್ಟಿಗೆ ಹಾಕಿದ ಮೇಲೆ ಸುಕ್ಕಾದ ಹಣ್ಣು ನೆನೆದು ಇನ್ನಷ್ಟು ಸಕ್ಕರೆ ಬಿಡುತ್ತದೆ, ಕೊಯ್ಲಿನ ದಿನ ಅಳೆದ ಲೆಕ್ಕ ತಲೆಕೆಳಗಾಗುತ್ತದೆ. ಹೀಗಾಗಿ ಆಲ್ಕೋಹಾಲ್ ಶೇ 15, 16 ಮುಟ್ಟುವ ಜಿನ್‌ಫಂಡೆಲ್ ಬಹಳ. ಕುಡಿದರೆ ಜಾಮ್ ನೆಕ್ಕಿದ ಹಾಗೆ, ಮೇಲೆ ಗಂಟಲುರಿ. ಅದನ್ನೇ ಹೆಮ್ಮೆಯಿಂದ ಹೇಳಿಕೊಳ್ಳುವ ಸಣ್ಣ ವೈನರಿಗಳೂ ಇವೆ ಬಿಡಿ.

ಆದರೆ ತೋಟ ಚಿಕ್ಕದಿದ್ದು ಮಾಲೀಕರೇ ನಿಂತು ಮಾಡಿಸುವ ಕಡೆ ಸ್ವಲ್ಪ ಬೇಗ ಕೊಯ್ಯಬಹುದು, ಬೇಕಿದ್ದರೆ ಎರಡು ಸಲ ಕೊಯ್ಯಬಹುದು, ಸುಕ್ಕಾದ ಹಣ್ಣನ್ನು ಕೈಯಲ್ಲೇ ಆರಿಸಿ ತೆಗೆಯಬಹುದು. ಹೊಸ ಓಕ್ ಪೀಪಾಯಿಯನ್ನೂ ಕಡಿಮೆ ಬಳಸಿದರೆ ರಾಸ್ಪ್‌ಬೆರಿ ಪರಿಮಳ, ಕರಿಮೆಣಸಿನ ಖಾರ, ಬಾಯಲ್ಲಿ ನೀರೂರಿಸುವ ಹುಳಿ, ಸ್ವಲ್ಪವೇ ಒಗರು, ಎಲ್ಲ ಬೇರೆಬೇರೆಯಾಗಿ ನಾಲಿಗೆಗೆ ಸಿಗುತ್ತವೆ. ಎರಡನೇ ಲೋಟಕ್ಕೂ ಬೇಸರ ಬರುವುದಿಲ್ಲ. ಅದೇ ಅಲ್ವಾ ಒಳ್ಳೆಯ ವೈನ್?

ಇನ್ನು ಬೆಲೆ. ಹೆಸರಾದ ನಾಪಾ ಕ್ಯಾಬರ್ನೆ 100 ಡಾಲರ್ ದಾಟುವುದು ಮಾಮೂಲಿ. ಲೋಡೈ, ಅಮಡೋರ್, ಸೊನೋಮಾ ಕಡೆ 100 ವರ್ಷ ಮೀರಿದ ಜಿನ್‌ಫಂಡೆಲ್ ಬಳ್ಳಿಗಳಿವೆ, ಚಪ್ಪರ ಇಲ್ಲದೆ ಗಿಡ್ಡ ಮರದಂತೆ ನಿಂತಿರುತ್ತವೆ, ಕೆಲವು ತೋಟಗಳಲ್ಲಿ ಪೆಟೀಟ್ ಸಿರಾ, ಕಾರಿನ್ಯಾನ್ ಎಂಬ ಬೇರೆ ತಳಿಯ ದ್ರಾಕ್ಷಿ ಬಳ್ಳಿಗಳೂ ಮಧ್ಯೆ ಬೆರೆತಿರುತ್ತವೆ. ಅಂಥ ಬಳ್ಳಿಯ ವೈನ್ 25ರಿಂದ 35 ಡಾಲರಿಗೆ ಸಿಗುತ್ತದೆ! ಹಳೆಯ ಬಳ್ಳಿ ಬಿಡುವ ಹಣ್ಣು ಕಡಿಮೆ, ಕೆಲಸ ಜಾಸ್ತಿ, ಆದರೂ ಹಣ್ಣಿಗೆ ಕ್ಯಾಬರ್ನೆಯಷ್ಟು ಬೆಲೆ ಇಲ್ಲ. ಕುಡಿಯುವವರಿಗೆ ಲಾಭ, ಬೆಳೆಗಾರರಿಗೆ ಕಷ್ಟ. ಖರ್ಚು ಹುಟ್ಟದೆ ಬಳ್ಳಿ ಕಿತ್ತುಹಾಕುವವರೂ ಇದ್ದಾರೆ. ನಿಮ್ಮ ಲೇಖಕರು ಮುಂದಿನ ಸಲ ನಾಪಾ ಬಿಟ್ಟು ಅತ್ತ ಹೋಗಿ ಬರೆಯಲಿ.

ಕೊಳ್ಳುವವರು ಲೇಬಲ್ಲಿನಲ್ಲಿ 'ಹಳೆಯ ಬಳ್ಳಿ' ಅಂತ ಇದ್ದ ಮಾತ್ರಕ್ಕೆ ನಂಬಬೇಡಿ. ಎಷ್ಟು ವರ್ಷದ ಬಳ್ಳಿಗೆ ಹಾಗೆ ಹೇಳಬಹುದು ಎಂದು ಅಮೆರಿಕದ ಕಾನೂನು ಹೇಳುವುದಿಲ್ಲ. ಆಲ್ಕೋಹಾಲ್ ಶೇ 14ರ ಆಸುಪಾಸು ಇದೆಯಾ ನೋಡಿ. ಶೇ 14 ಮೀರಿದ ವೈನ್ ಆದರೆ ಲೇಬಲ್ಲಿನ ಅಂಕಿಗೂ ಬಾಟಲಿಯೊಳಗಿನ ನಿಜಕ್ಕೂ ಒಂದು ಶೇಕಡಾ ಅಂಕದವರೆಗೆ ವ್ಯತ್ಯಾಸ ಇರಲು ಅವಕಾಶ ಇದೆ, ಅದೂ ಗೊತ್ತಿರಲಿ. ತೆರೆಯುವ ಮೊದಲು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ಬೆಚ್ಚಗಿದ್ದರೆ ಎಂಥ ಒಳ್ಳೆಯ ಜಿನ್‌ಫಂಡೆಲ್ ಆದರೂ ಮೊದಲು ಮೂಗಿಗೆ ಹೊಡೆಯುವುದು ಆಲ್ಕೋಹಾಲ್ ಘಾಟೇ.

ಒಬ್ಬ ಓದುಗ, ಕ್ಯಾಲಿಫೋರ್ನಿಯಾ