ವಿದೇಶಕ್ಕೆ ಸಾಮಾನು ಕಟ್ಟುವ ಮುನ್ನ ಗೋಣಿಚೀಲ ಬದಿಗಿಡಿ

ಮಾನ್ಯ ಸಂಪಾದಕರಿಗೆ,

ಗಂಗಾವತಿಯಲ್ಲಿ ಗೋಣಿಚೀಲವಿಲ್ಲದ ಮನೆ ಸಿಗುವುದು ಕಷ್ಟ. ಇದು ರೈಸ್ ಮಿಲ್ಲುಗಳ ಊರು. ಸೋನಾ ಮಸೂರಿ ತುಂಬಿಕೊಂಡು ಬಂದ ಚೀಲ ಖಾಲಿಯಾದ ಮೇಲೂ ಹತ್ತು ಕೆಲಸಕ್ಕೆ ಬರುತ್ತದೆ, ಮನೆ ಬದಲಿಸುವಾಗ ಪಾತ್ರೆ ಸುತ್ತುವುದಕ್ಕೂ ಅದೇ ಆಗುತ್ತದೆ. ಕಳೆದ ವರ್ಷ ನರ್ಸ್ ಆಗಿರುವ ನಮ್ಮ ಹಿರಿಯ ಮಗಳು ಗಂಡ ಮತ್ತು ಮಗನೊಂದಿಗೆ ಆಸ್ಟ್ರೇಲಿಯಾದಲ್ಲಿ ನೆಲೆಸಲು ಹೊರಟಾಗ ನಾವೂ ಹಾಗೆಯೇ ಮಾಡಿದೆವು. ನಮ್ಮ ಅತ್ತೆಯವರ ಕಾಲದ ಹಿತ್ತಾಳೆ ಕೊಡವನ್ನು ಗೋಣಿಚೀಲದಲ್ಲಿ ಸುತ್ತಿ, ಅಲುಗಾಡದಂತೆ ಸುತ್ತಲೂ ನೆಲ್ಲುಹುಲ್ಲು ತುರುಕಿ ರಟ್ಟಿನ ಪೆಟ್ಟಿಗೆಗೆ ಇಳಿಸಿದೆವು. ಅದಕ್ಕೆ ಮುಂಚೆ ಮಗಳಿಗೆ ಉಡಿ ತುಂಬಿದ್ದ ಅಕ್ಕಿ, ಒಣಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬುಗಳನ್ನು ಗುಳೇದಗುಡ್ಡದ ರವಿಕೆ ಕಣದಲ್ಲಿ ಗಂಟು ಕಟ್ಟಿ ಆ ಕೊಡದೊಳಗೆ ಇಟ್ಟವಳು ನಾನೇ. ಹೊಸ ಮನೆಯಲ್ಲಿ ಮೊದಲ ಅನ್ನ ತವರಿನ ಅಕ್ಕಿಯದೇ ಆಗಲಿ ಎಂಬುದು ನನ್ನ ಆಸೆಯಾಗಿತ್ತು.

ಆ ಒಂದು ಪೆಟ್ಟಿಗೆಯಿಂದಾಗಿ ಮೆಲ್ಬೋರ್ನ್ ಬಂದರಿನಲ್ಲಿ ಮಗಳ ಅಷ್ಟೂ ಸಾಮಾನು ತಪಾಸಣೆಗೆ ನಿಂತಿತು. ಹುಲ್ಲು, ಚೀಲ, ಉಡಿಯ ಗಂಟು ಎಲ್ಲವನ್ನೂ ತೆಗೆದು ನಾಶ ಮಾಡಿದರು. ಉಳಿದ ಪೆಟ್ಟಿಗೆಗಳಿಗೆ ವಿಷಾನಿಲ ಹಾಯಿಸಿ ಹುಳು ಕೊಲ್ಲುವ ಫ್ಯೂಮಿಗೇಶನ್ ಮಾಡಿಸಬೇಕಾಯಿತು. ಅದರ ವೆಚ್ಚ, ಅಷ್ಟು ದಿನ ಗೋದಾಮಿನಲ್ಲಿ ಇಟ್ಟಿದ್ದರ ಬಾಡಿಗೆ, ಎರಡನ್ನೂ ಆಗತಾನೇ ಕೆಲಸಕ್ಕೆ ಸೇರಿದ್ದ ಮಗಳೇ ಕಟ್ಟಿದಳು. ಅಲ್ಲಿನ ಅಧಿಕಾರಿಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಅವರು ಹುಡುಕುತ್ತಿದ್ದುದು ಖಾಪ್ರಾ ಎಂಬ ಹುಳವನ್ನು. ದಾಸ್ತಾನು ಮಾಡಿದ ಧಾನ್ಯವನ್ನು ಹಿಟ್ಟು ಮಾಡಿಬಿಡುವ ಈ ಕೀಟ ನಮ್ಮ ದೇಶದಲ್ಲಿ ಹಿಂದಿನಿಂದಲೂ ಇದೆ. ಕೆಲವೇ ಮಿಲಿಮೀಟರ್ ಉದ್ದದ ಇದರ ಮರಿಹುಳು ಚೀಲದ ಹೊಲಿಗೆಯ ಸಂದಿಯಲ್ಲಿ ಅಡಗಿ, ತಿನ್ನಲು ಏನೂ ಸಿಗದಿದ್ದರೂ ವರ್ಷಗಟ್ಟಲೆ ಬದುಕಬಲ್ಲದು. ಗೋಧಿ ಬೆಳೆದು ಮಾರುವ ದೇಶವೊಂದು ಅದನ್ನು ಒಳಗೆ ಬಿಟ್ಟುಕೊಳ್ಳದಿರಲು ಏನೆಲ್ಲ ಮಾಡಬಹುದೋ ಅದನ್ನು ಮಾಡುತ್ತದೆ. ನೆಲ್ಲು, ಜೋಳ ಕಾಪಾಡಿಕೊಂಡು ಬದುಕುವ ನಮಗೆ ಆ ಕಾಳಜಿ ಅರ್ಥವಾಗದ್ದೇನಲ್ಲ. ಆದರೆ ಇದನ್ನು ಪೆಟ್ಟಿಗೆ ಮುಚ್ಚುವ ಮೊದಲು ನಮಗೆ ಕನ್ನಡದಲ್ಲಿ ಒಬ್ಬರೂ ಹೇಳಲಿಲ್ಲ. ಈ ಪತ್ರ ಬರೆಯುತ್ತಿರುವುದು ಆ ಕಾರಣಕ್ಕಾಗಿ.

2020ರ ಸೆಪ್ಟೆಂಬರ್‌ನಿಂದ ಆಸ್ಟ್ರೇಲಿಯಾ, ಪ್ರಯಾಣಿಕರ ಜೊತೆಯಲ್ಲದೆ ಪ್ರತ್ಯೇಕವಾಗಿ ಬರುವ ಮನೆ ಸಾಮಾನಿನಲ್ಲಿ ಅಕ್ಕಿ, ಶೇಂಗಾ, ಒಣಮೆಣಸಿನಕಾಯಿ, ಕಡಲೆ, ಹೆಸರು, ತೊಗರಿ, ಜೀರಿಗೆ, ಕೊತ್ತಂಬರಿ ಬೀಜ ಮುಂತಾದವನ್ನು ನಿಷೇಧಿಸಿದೆ. ಅಮೆರಿಕವೂ ಈ ಹುಳದ ಕಾರಣಕ್ಕೆ ಭಾರತದಿಂದ ಮನೆ ಬಳಕೆಗೆಂದು ಅಕ್ಕಿ ತರುವುದನ್ನು ಒಪ್ಪುವುದಿಲ್ಲ. ನಮ್ಮ ತಾಯಂದಿರು ಮಕ್ಕಳ ಪೆಟ್ಟಿಗೆಗೆ ಮೊದಲು ಹಾಕುವುದೇ ಇವನ್ನು ಎಂಬುದನ್ನು ಓದುಗರು ಗಮನಿಸಬೇಕು. ಉಡಿಯ ಅಕ್ಕಿಯನ್ನು ಹೊರಡುವ ಮುನ್ನ ತವರಿನಲ್ಲೇ ಬೇಯಿಸಿ ಎಲ್ಲರೂ ಕೂಡಿ ಉಂಡರೆ ಶಾಸ್ತ್ರಕ್ಕೂ ಕೊರತೆಯಿಲ್ಲ, ಮಕ್ಕಳಿಗೂ ತೊಂದರೆಯಿಲ್ಲ. ಕಿರಿಯ ಮಗಳ ವಿಷಯದಲ್ಲಿ ನಾವು ಹಾಗೆಯೇ ಮಾಡಲಿದ್ದೇವೆ.

ಪೆಟ್ಟಿಗೆಯ ಮರದ ಬಗೆಗೂ ಇಷ್ಟೇ ಎಚ್ಚರ ಬೇಕು. ಪರಿಚಯದ ಬಡಿಗೇರರಿಂದ ಬೇವಿನ ಹಲಗೆಯ ಪೆಟ್ಟಿಗೆ ಮಾಡಿಸುವುದು ನಮ್ಮಲ್ಲಿ ವಾಡಿಕೆ. ಕಟ್ಟುವುದಕ್ಕೆ ಬಳಸುವ ಮರವನ್ನು ಅದರ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ ತಲುಪಿ 30 ನಿಮಿಷ ನಿಲ್ಲುವಂತೆ ಕಾಯಿಸಿರಬೇಕು, ಇಲ್ಲವೇ ಒಪ್ಪಿತ ವಿಧಾನದಲ್ಲಿ ಫ್ಯೂಮಿಗೇಶನ್ ಮಾಡಿಸಿರಬೇಕು, ಅದರ ಗುರುತಾಗಿ ಹಲಗೆಯ ಮೇಲೆ ಐಪಿಪಿಸಿ (ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ) ಮುದ್ರೆ ಇರಬೇಕು ಎಂಬುದು ಅಂತರರಾಷ್ಟ್ರೀಯ ನಿಯಮ. ಮುದ್ರೆಯಿಲ್ಲದ ಪೆಟ್ಟಿಗೆ ಎಷ್ಟೇ ಗಟ್ಟಿಯಾಗಿದ್ದರೂ ಬಂದರು ದಾಟುವುದಿಲ್ಲ. ಹೊಸ ರಟ್ಟಿನ ಪೆಟ್ಟಿಗೆಯೇ ಮೇಲು.

ಇನ್ನು ಸಾಮಾನಿನ ಪಟ್ಟಿಯ ಮಾತು. ನಮ್ಮ ಸಾಮಾನು ಒಯ್ದವರು ಎಲ್ಲ ಪೆಟ್ಟಿಗೆಗಳಿಗೂ ಸೇರಿಸಿ ‘ಗೃಹಬಳಕೆ ವಸ್ತುಗಳು’ ಎಂದು ಬರೆದರೆ ಸಾಕು ಎಂದರು, ನಾವು ನಂಬಿದೆವು. ಅದು ಸಾಲದು. ಪ್ರತಿ ಪೆಟ್ಟಿಗೆಗೂ ಸಂಖ್ಯೆ ಹಾಕಿ, ಒಳಗೆ ಏನಿದೆ, ಯಾವುದರಿಂದ ಮಾಡಿದ್ದು, ಯಾವ ವರ್ಷ ಕೊಂಡದ್ದು, ಈಗಿನ ಅಂದಾಜು ಬೆಲೆ ಎಷ್ಟು ಎಂದು ಬರೆಯಬೇಕು. ಬಳಸಿದ ಮನೆ ಸಾಮಾನಿಗೆ ಬಹುತೇಕ ದೇಶಗಳು ಸುಂಕ ಹಾಕುವುದಿಲ್ಲವಾದರೂ ಎಷ್ಟು ಕಾಲ ಬಳಸಿರಬೇಕು ಎಂಬುದು ಒಂದೊಂದು ಕಡೆ ಒಂದೊಂದು ರೀತಿ. ಆಸ್ಟ್ರೇಲಿಯಾ 12 ತಿಂಗಳು ಕೇಳುತ್ತದೆ, ಅಮೆರಿಕ ಒಂದು ವರ್ಷ, ಬ್ರಿಟನ್ 6 ತಿಂಗಳು; ಬ್ರಿಟನ್ನಿಗಾದರೆ ವಾಸಸ್ಥಳ ಬದಲಾವಣೆಯ ರಿಯಾಯಿತಿಗೆ ಮುಂಚಿತವಾಗಿಯೇ ಅರ್ಜಿ ಹಾಕಿಕೊಳ್ಳಬೇಕು. ಕೆನಡಾಕ್ಕೆ ವಲಸೆ ಹೋಗುವವರು ಹಡಗಿನಲ್ಲಿ ಆಮೇಲೆ ಬರುವ ಸಾಮಾನಿನ ಪಟ್ಟಿಯನ್ನು ಮೊದಲ ಬಾರಿ ಬಂದಿಳಿದ ದಿನವೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗೆ ತೋರಿಸಿ ದಾಖಲು ಮಾಡಿಸಬೇಕು. ನಮ್ಮವರು ಬೀಳ್ಕೊಡುಗೆಗೆಂದು ಕೊನೆಯ ವಾರ ಸಾಲುಸಾಲಾಗಿ ತಂದುಕೊಡುವ ಹೊಸ ಸ್ಟೀಲ್ ಪಾತ್ರೆಗಳು ಈ ಯಾವ ಲೆಕ್ಕಕ್ಕೂ ಬರುವುದಿಲ್ಲ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡವೆನ್ನುವುದು ಕಷ್ಟ, ಬಲ್ಲೆ. ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹಣದ ವಿಷಯದಲ್ಲಿ ನಾವು ಪೆಟ್ಟು ತಿಂದದ್ದು ಎರಡು ಕಡೆ. ಕಂಟೇನರ್ ತುಂಬುವಷ್ಟು ಸಾಮಾನಿಲ್ಲದವರ ಪೆಟ್ಟಿಗೆಗಳನ್ನು ಬೇರೆಯವರ ಸಾಮಾನಿನೊಂದಿಗೆ ಕೂಡಿಸಿ ಕಳಿಸುತ್ತಾರೆ, ಬಾಡಿಗೆಯನ್ನು ಘನ ಮೀಟರ್ ಲೆಕ್ಕದಲ್ಲಿ ಹಿಡಿಯುತ್ತಾರೆ. ಒಂದು ಘನ ಮೀಟರ್ ಎಂದರೆ ಸುಮಾರು 35 ಘನ ಅಡಿ. ಸಾಮಾನು ಒಯ್ದವರು ‘ಮನೆ ಬಾಗಿಲಿಗೆ’ ಎಂದು ಹೇಳಿದ ದರದಲ್ಲಿ ಆ ಕಡೆಯ ಬಂದರಿನ ಶುಲ್ಕ, ತಪಾಸಣೆಯ ಶುಲ್ಕ ಸೇರಿರಲಿಲ್ಲ. ಗಂಗಾವತಿಯಲ್ಲಿ ಪೆಟ್ಟಿಗೆ ಎತ್ತಿದವರು ಬೆಂಗಳೂರಿನವರಿಗೆ ಒಪ್ಪಿಸಿದರು, ಅವರು ಚೆನ್ನೈನ ಮತ್ತೊಬ್ಬರಿಗೆ ಒಪ್ಪಿಸಿದರು. ಕೊನೆಗೆ ಯಾರನ್ನು ಕೇಳಬೇಕೆಂಬುದೇ ತಿಳಿಯಲಿಲ್ಲ. ಏನೇನು ಸೇರಿದೆ, ಏನೇನು ಸೇರಿಲ್ಲ ಎಂಬುದನ್ನು ಮುಂಗಡ ಕೊಡುವ ಮುನ್ನ ಬರಹದಲ್ಲಿ ಪಡೆಯಿರಿ. ಎರಡನೆಯದು ವಿಮೆ. ನಾವೇ ಕಟ್ಟಿದ ಪೆಟ್ಟಿಗೆಗಳನ್ನು ‘ಮಾಲೀಕರೇ ಕಟ್ಟಿದ್ದು’ ಎಂದು ದಾಖಲಿಸುತ್ತಾರೆ. ಅಂಥ ಪೆಟ್ಟಿಗೆಯೊಳಗೆ ಒಡೆದದ್ದಕ್ಕೆ ಸಾಮಾನ್ಯವಾಗಿ ಪರಿಹಾರ ಬರುವುದಿಲ್ಲ. ಮಗಳ ಮದುವೆಯ ಫೋಟೋದ ಗಾಜು ಒಡೆದು ಚೂರುಗಳು ಚಿತ್ರವನ್ನೇ ಗೀರಿದ್ದವು, ನಮಗೆ ಏನೂ ಸಿಗಲಿಲ್ಲ. ಒಡೆಯುವಂಥ ವಸ್ತುಗಳನ್ನಾದರೂ ಅವರಿಂದಲೇ ಕಟ್ಟಿಸಬೇಕಿತ್ತು.

ಸರಿಯಾಗಿ ತಲುಪಿದ್ದನ್ನೂ ಹೇಳಬೇಕು. ನಮ್ಮ ಅತ್ತೆಯವರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹೊಂದಿಸಿ, ಮುಳ್ಳಿನಷ್ಟು ಸಣ್ಣ ಹೊಲಿಗೆ ಹಾಕಿ ಹೊಲಿದಿದ್ದ ಕೌದಿಯೊಂದಿತ್ತು. ಅದನ್ನು ತೊಳೆದು ಎರಡು ದಿನ ಮಾಳಿಗೆಯ ಬಿಸಿಲಿಗೆ ಹರವಿ, ಪದರದೊಳಗೆ ಕೈ ಇಟ್ಟು ನೋಡಿ ಒಣಗಿದ್ದು ಖಾತ್ರಿಯಾದ ಮೇಲಷ್ಟೇ ಮಡಚಿದೆವು. ಸಮುದ್ರದಲ್ಲಿ ಹಗಲಿನ ಕಾವು, ರಾತ್ರಿಯ ತಂಪಿಗೆ ಕಂಟೇನರ್‌ನ ತಗಡಿನ ಒಳಮೈ ಬೆವರಿ ಹನಿ ಉದುರುತ್ತದೆ. ಪೆಟ್ಟಿಗೆಯೊಳಗೇ ಪಸೆ ಉಳಿದಿದ್ದರೆ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಮಡಿಕೆಗಳ ನಡುವೆ ಇಟ್ಟಿದ್ದೆವು. ಕಿನ್ನಾಳದ ಜೋಡಿ ಗೊಂಬೆಗಳನ್ನು ಮೊದಲು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಅದರ ಮೇಲೆ ಗುಳ್ಳೆಯ ಪ್ಲಾಸ್ಟಿಕ್ ಹಾಳೆ ಸುತ್ತಿದೆವು. ನಮ್ಮ ಬೇಸಿಗೆಯಲ್ಲಿ ಪ್ಲಾಸ್ಟಿಕ್ ನೇರವಾಗಿ ಬಣ್ಣಕ್ಕೆ ತಾಗಿದರೆ ಅಂಟಿಕೊಳ್ಳುತ್ತದೆಂಬ ಭಯವಿತ್ತು. ಮಗಳು ಆಮೇಲೆ ತಿದ್ದಿದ ಪಟ್ಟಿಯಲ್ಲಿ ‘ಬಣ್ಣ ಬಳಿದ ಮರದ ಗೊಂಬೆ, ಎರಡು’ ಎಂದು ಬಿಡಿಸಿ ಬರೆದಿದ್ದರಿಂದ ಅಧಿಕಾರಿಗಳು ತೆರೆದು ನೋಡಿ, ಹುಳು ಕೊರೆದ ತೂತಿಲ್ಲವೆಂದು ಖಚಿತಪಡಿಸಿಕೊಂಡು ಬಿಟ್ಟುಕೊಟ್ಟರು. ಮೊಮ್ಮಗನ ಸೈಕಲ್ಲಿನ ಗಾಲಿಗೆ ಅಂಟಿದ್ದ ಎರೆಮಣ್ಣನ್ನು ಅಳಿಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆದಿದ್ದರು. ಚಪ್ಪಲಿ, ಬೂಟುಗಳಿಗೂ ಅದೇ ಆರೈಕೆ ಬೇಕು, ಏಕೆಂದರೆ ಮಣ್ಣಿನ ಒಂದು ಹೆಂಟೆಯೂ ಅಲ್ಲಿ ಒಳಗೆ ಹೋಗುವಂತಿಲ್ಲ.

ಅಮೆರಿಕಕ್ಕೆ ಹೋಗುವವರು ಮಿಕ್ಸಿ, ಗ್ರೈಂಡರ್ ಒಯ್ಯದಿರುವುದು ಲೇಸು. ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230. ಅಂಕಪಟ್ಟಿ, ಜನನ ಪ್ರಮಾಣಪತ್ರ, ಒಡವೆಗಳನ್ನು ಯಾವ ಕಾರಣಕ್ಕೂ ಹಡಗಿನ ಪೆಟ್ಟಿಗೆಗೆ ಹಾಕಬಾರದು, ಕೈಚೀಲದಲ್ಲೇ ಇರಬೇಕು.

ಹಂಪಿ, ಆನೆಗೊಂದಿಗಳ ಸುತ್ತಿನ ನಮ್ಮ ಸೀಮೆಯ ಮನೆಗಳಿಗೆ ಮತ್ತೊಂದು ಮಾತು ಹೇಳಲೇಬೇಕು. ಎಷ್ಟೋ ಮನೆಗಳ ದೇವರ ಜಗಲಿಯ ಮೇಲೆ ತಲೆಮಾರುಗಳಿಂದ ಬಂದ ಪಂಚಲೋಹದ ಮೂರ್ತಿಗಳಿವೆ, ಅಟ್ಟದ ಮೇಲೆ ತಾಳೆಗರಿಯ ಕಟ್ಟುಗಳಿವೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕಿಂತ ಹಳೆಯ ಶಿಲ್ಪ, ಮೂರ್ತಿಗಳೂ 75 ವರ್ಷ ದಾಟಿದ, ಮೌಲ್ಯವುಳ್ಳ ಹಸ್ತಪ್ರತಿಗಳೂ ಪುರಾವಸ್ತುಗಳಾಗುತ್ತವೆ. ಅವನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ವಸ್ತು ನಮ್ಮ ಮನೆಯದೇ ಎಂಬುದು ಅಲ್ಲಿ ಸಮಜಾಯಿಷಿಯಾಗುವುದಿಲ್ಲ. ಹಳೆಯದರಂತೆ ಕಾಣುವ ಹೊಸ ಮೂರ್ತಿಯಾಗಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದುಕೊಳ್ಳಬೇಕು. ದೇವರ ಮನೆಯ ನವಿಲುಗರಿಯನ್ನೂ ಕಳಿಸುವಂತಿಲ್ಲ.

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಿಂದ ಓದಿಗೆ, ನೌಕರಿಗೆ ಹೊರದೇಶಕ್ಕೆ ಹೋಗುವ ಮಕ್ಕಳ ತಂದೆತಾಯಂದಿರಲ್ಲಿ ಇಂಗ್ಲಿಷ್ ನಿಯಮಾವಳಿ ಓದಿ ಅರ್ಥಮಾಡಿಕೊಳ್ಳಬಲ್ಲವರು ಕಡಿಮೆ. ಸಾಮಾನು ಕಟ್ಟುವವರು ಮಾತ್ರ ಅವರೇ. ಆದ್ದರಿಂದ ಜಿಲ್ಲಾಡಳಿತಗಳು ಕಸ್ಟಮ್ಸ್ ಇಲಾಖೆಯ ನೆರವು ಪಡೆದು, ಯಾವ ದೇಶಕ್ಕೆ ಏನು ನಿಷಿದ್ಧ, ಪಟ್ಟಿ ಹೇಗಿರಬೇಕು ಎಂಬುದನ್ನು ಎರಡು ಪುಟದಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ನರ್ಸಿಂಗ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಪಾಸ್‌ಪೋರ್ಟ್ ಅರ್ಜಿ ಸ್ವೀಕರಿಸುವ ಅಂಚೆ ಕಚೇರಿಗಳಲ್ಲಿ ಸಿಗುವಂತೆ ಮಾಡಬೇಕೆಂದು ಕೋರುತ್ತೇನೆ. ನಿಮ್ಮ ಪತ್ರಿಕೆಯೂ ಈ ವಿಷಯ ತಿಳಿದವರಿಂದ ಲೇಖನ ಬರೆಸಿದರೆ ಉಪಕಾರವಾಗುತ್ತದೆ. ಮೊದಲು ಮಾಡಿದ ತಪ್ಪು ಪಟ್ಟಿಯನ್ನೂ ಮಗಳು ಆಮೇಲೆ ಅಲ್ಲಿಂದ ತಿದ್ದಿ ಕಳಿಸಿದ ಪಟ್ಟಿಯನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಯಾವುದೇ ಕುಟುಂಬಕ್ಕೆ ಬೇಕಾದರೆ ನಿಮ್ಮ ಕಚೇರಿಯ ಮೂಲಕ ಎರಡರ ಪ್ರತಿಯನ್ನೂ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ
ಗಂಗಾವತಿ, ಕೊಪ್ಪಳ ಜಿಲ್ಲೆ